ಉಣಕಲ್ ಕೆರೆಯಲ್ಲಿ ಬೋಟಿನಿಂದ ಕೈಟ್ ಎಬ್ಬಿಸಬಹುದೇ?

ಹುಬ್ಬಳ್ಳಿಯಲ್ಲಿ ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟ ಎಳೆದಂತೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ) ಗೀಳು ಹತ್ತಿದವರಿಗೆ ಮೊದಲು ಕಣ್ಣಿಗೆ ಬೀಳುವುದೇ ಉಣಕಲ್ ಕೆರೆ. ನನಗೂ ಹಾಗೇ ಆಗಿತ್ತು. ದಂಡೆಯಲ್ಲಿ ಕೈಟಿನ ದಾರ, ಅಂದರೆ ಲೈನ್ ಹಾಸಲು ಜಾಗ ಇಲ್ಲ, ಬೋಟಿನಿಂದ ಎಬ್ಬಿಸಿದರೆ ಹೇಗೆ ಅಂತ ಕೇಳಿದ್ದೀರಿ. ಬೋಟಿನಿಂದ ಎಬ್ಬಿಸಲು ಬರುತ್ತದೆ. ಉಣಕಲ್‌ನಲ್ಲಿ ಮಾತ್ರ ಬ್ಯಾಡ್ರಿ.

ಬೋಟ್ ತಂದರೆ ಲೈನ್ ಹಾಸುವ ತೊಂದರೆ ತಪ್ಪೀತು, ಗಾಳಿಯ ತೊಂದರೆ ಹಾಗೇ ಉಳಿಯುತ್ತದೆ. ಕೆರೆಯ ಪಕ್ಕದಲ್ಲೇ ಪಿ.ಬಿ. ರಸ್ತೆ, ಅದರ ಮೇಲೆ ಚಿಗರಿ ಬಸ್ಸು, ಸುತ್ತ ಮರ, ಕಟ್ಟಡ. ಅವನ್ನು ದಾಟಿ ಬಂದ ಗಾಳಿ ತುಂಡುತುಂಡಾಗಿ ಬೀಳುತ್ತದೆ. 10 ನಾಟ್ ಇದ್ದದ್ದು ಏಕಾಏಕಿ 20 ಆದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಾಲದ್ದಕ್ಕೆ ಅಂತರಗಂಗೆ ಕಳೆ. ಅದರ ಬೇರಿಗೆ ಲೈನ್ ಸಿಕ್ಕಿತೆಂದರೆ ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಗದಗಿನ ಗುಡ್ಡದ ಮೇಲೆ ವಿಂಡ್‌ಮಿಲ್ ತಿರುಗುತ್ತವೆ, ನಮ್ಮ ಕಡೆ ಗಾಳಿಗೇನು ಕಡಿಮೆ ಅಂತ ಕೆಲವರು ವಾದಿಸುತ್ತಾರೆ. ಅವು ಸಿಗಿಸಿಕೊಳ್ಳುವುದು ಗುಡ್ಡದ ನೆತ್ತಿಯ ಮೇಲಿನ ಗಾಳಿ, ನಿಮಗೆ ಬೇಕಾದದ್ದು ನೀರಿನ ಮಟ್ಟದಲ್ಲಿ ಒಂದೇ ಸಮ ಬೀಸುವ ಗಾಳಿ. ಮಳೆಗಾಲ ಮುಗಿದ ಮೇಲೆ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಕರಾವಳಿಗೆ ಹೋಗಿರಿ. ಕಡಲ ಕಡೆಯಿಂದ ಓರೆಯಾಗಿ ದಂಡೆಗೆ ಬೀಸುವ 12ರಿಂದ 18 ನಾಟ್, ಅಂದರೆ ಗಂಟೆಗೆ 22–33 ಕಿ.ಮೀ. ಗಾಳಿ ಸಾಕು. ದಂಡೆ ಅಗಲವಿದ್ದಲ್ಲಿ ಬೋಟಿನ ಗೊಡವೆಗೇ ಹೋಗಬೇಡಿರಿ.

ಇನ್ನೊಂದು ಮಾತು. ನೀರಿಗೆ ಬಿದ್ದ ಕೈಟನ್ನು ಒಬ್ಬರೇ ಮತ್ತೆ ಎಬ್ಬಿಸಲು ಬರದವರು ಬೋಟ್ ಹತ್ತಲೇಬಾರದು. ಬೋಟಿನಿಂದ ಎಬ್ಬಿಸುವುದು ಅಂದರೆ ಕಡೆಗೂ ಅದೇ ಕೆಲಸ. ಅದು ಬರುತ್ತದೆ ಎಂದಾದರೆ ಮುಂದೆ ಓದಿರಿ.

ಮನೆ ಹತ್ತಿರದ ಮೈದಾನದಲ್ಲೇ ನಾಲ್ಕೂ ಲೈನ್ ಹಾಸಿ, ಗಂಟು ನೋಡಿ, ಕೈಟಿಗೆ ಕಟ್ಟಿಬಿಡಿರಿ. ನಡುವಿನ ಎರಡು ಲೀಡಿಂಗ್ ಎಡ್ಜಿನ (ಗಾಳಿ ತುಂಬುವ ಮುಂದಿನ ಅಂಚು) ಕವಲು ದಾರಕ್ಕೆ, ಅಂದರೆ ಬ್ರೈಡಲ್‌ಗೆ, ಹಿಂದಿನ ಎರಡು ರೆಕ್ಕೆಯ ತುದಿಗಳಿಗೆ. ಕಟ್ಟಿದ್ದನ್ನು ಬಿಚ್ಚದೆ, ಕೈಯಲ್ಲಿ ಹಿಡಿದು ಕೈಟ್ ತಿರುಗಿಸುವ ಕೋಲು, ಅಂದರೆ ಬಾರ್‌ಗೆ ಸುತ್ತಿ, ಕೈಟನ್ನೂ ಸುರುಳಿ ಮಾಡಿಟ್ಟುಕೊಳ್ಳಿರಿ. ತೂಗುವ ಬೋಟಿನಲ್ಲಿ ಲೈನ್ ಕಟ್ಟಲು ಕೂತರೆ ಎಡ ಬಲ ಅದಲುಬದಲಾಗುವುದು ಗ್ಯಾರಂಟಿ.

ಲಂಗರನ್ನು ಮೂತಿಯ ಕಡೆಯಿಂದ ಬಿಟ್ಟರೆ ಬೋಟ್ ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ಕೈಟ್ ಇಳಿಸುವುದು ಹಿಂಭಾಗದಿಂದ. ಎಂಜಿನ್ ಬಂದ್ ಮಾಡಿ, ಔಟ್‌ಬೋರ್ಡ್ ಆಗಿದ್ದರೆ ಎತ್ತಿ ಪ್ರೊಪೆಲ್ಲರ್ ನೀರಿನಿಂದ ಹೊರಗೆ ತೆಗೆಯಿರಿ. ಪಂಪಿನಲ್ಲಿ 7 ಪಿಎಸ್‌ಐ ಆಸುಪಾಸು ಗಾಳಿ ತುಂಬಿರಿ. ಕೈಟ್ ಮೆತ್ತಗಿದ್ದರೆ ನೀರಿನಿಂದ ಏಳುವುದಿಲ್ಲ, ನಡುವೆ ಮಡಚಿಕೊಳ್ಳುತ್ತದೆ. ಕೈಟ್ ನೀರಿಗೆ ಬಿಡುವವರೆಗೆ ಒಬ್ಬರು ಲೀಡಿಂಗ್ ಎಡ್ಜಿನ ನಡುಭಾಗ ಹಿಡಿದು ಗಾಳಿಗೆ ಮುಖ ಮಾಡಿ ನಿಂತಿರಬೇಕು.

ಈಗ, ಎಲ್ಲರೂ ಕೆಡಿಸಿಕೊಳ್ಳುವ ಜಾಗ. ಮೊದಲು ಬಾರ್‌ನಿಂದ ಲೈನ್ ಪೂರ್ತಿ ಬಿಚ್ಚಿ ನೀರಿಗೆ ಹರವಿ, ಆಮೇಲೆ ಕೈಟ್ ಬಿಡುತ್ತಾರೆ. ದಂಡೆಯ ರೂಢಿ ಅದು, ನೀರಿನಲ್ಲಿ ಅದೇ ಕಾಲಿಗೆ ಉರುಲು. ಲೈನ್ ಹೆಣೆದಿರುವುದು ಡೈನೀಮಾ ಎಂಬ ಗಟ್ಟಿ ನೂಲಿನಿಂದ. ಅದು ನೀರಿಗಿಂತ ತುಸು ಹಗುರ, ಮುಳುಗುವುದಿಲ್ಲ. 20–24 ಮೀಟರ್ ಉದ್ದದ ನಾಲ್ಕು ಸಡಿಲ ಲೈನ್ ನಿಮ್ಮ ಸುತ್ತಲೇ ಬಳೆಬಳೆಯಾಗಿ ತೇಲುತ್ತವೆ. ಎದೆಮಟ್ಟ ನೀರಿನಲ್ಲಿ ಕಾಲು ಬಡಿಯುತ್ತ ಇರುವವರಿಗೆ ಯಾವ ಬಳೆ ಕಣಕಾಲಿಗೆ, ಯಾವುದು ಏಣಿಗೆ, ಯಾವುದು ಎಂಜಿನ್ನಿಗೆ ಸುತ್ತಿದೆ ಅಂತ ಕಾಣುವುದೇ ಇಲ್ಲ. ಕೈಟ್ ದೂರ ಸರಿದು ಲೈನ್ ಬಿಗಿಯಾದ ಕ್ಷಣ ಆ ಬಳೆ ಮುಚ್ಚಿಕೊಳ್ಳುತ್ತದೆ. ಆಗ ಕೈಟ್ ಎದ್ದರೆ ಅಷ್ಟೂ ಭಾರ ಒಂದು ಲೈನಿನ ಮೇಲೆ. ಬ್ಲೇಡ್ ಎಳೆದಂತೆ ಮಾಂಸ ಕೊಯ್ದುಹೋಗುತ್ತದೆ. ಕೈಟಿನ ಎಳೆತ ಕಳಚುವ ಕ್ವಿಕ್ ರಿಲೀಸ್ ಒತ್ತಿದರೂ ಉಪಯೋಗವಿಲ್ಲ, ಏಕೆಂದರೆ ನಿಮ್ಮನ್ನು ಹಿಡಿದಿರುವುದು ಸೊಂಟಕ್ಕೆ ಕಟ್ಟಿದ ಪಟ್ಟಿ, ಅಂದರೆ ಹಾರ್ನೆಸ್ ಅಲ್ಲ, ಕಾಲಿಗೆ ಸುತ್ತಿದ ಲೈನ್.

ಹಾಗಾಗಿ ಕ್ರಮ ತಿರುವುಮುರುವು. ಲೈಫ್ ಜಾಕೆಟ್ ಹಾಕಿ ನೀವು ಬಾರ್ ಹಿಡಿದು ನೀರಿಗಿಳಿಯಿರಿ, ಕೈಟ್ ಕೈತಪ್ಪಿ ಹೋಗದಂತೆ ಹಿಡಿಯುವ ಸೇಫ್ಟಿ ಲೀಶ್ ಮಾತ್ರ ಸಿಗಿಸಿರಿ, ಬಾರನ್ನು ಹಾರ್ನೆಸ್ಸಿನ ಕೊಕ್ಕೆಗೆ ಸಿಗಿಸುವ ಬಳೆ, ಅಂದರೆ ಚಿಕನ್ ಲೂಪ್ ಈಗಲೇ ಬೇಡ. ಕೈಟ್ ಮೊದಲು ನೀರಿಗೆ ಬೀಳಲಿ. ಗಾಳಿ ಅದನ್ನು ನಿಮಗಿಂತ ಬೇಗ ತೇಲಿಸಿಕೊಂಡು ಹೋಗುತ್ತದೆ. ಅದು ಎಷ್ಟು ಎಳೆಯುತ್ತದೋ ಅಷ್ಟೇ ಲೈನ್, ಬಾರಿನ ಈ ತುದಿಯಿಂದ ಒಂದು ಸುತ್ತು, ಆ ತುದಿಯಿಂದ ಒಂದು ಸುತ್ತು, ಬಿಗಿ ಬಿಡದೆ ಬಿಚ್ಚುತ್ತ ಹೋಗಿರಿ. ಸಡಿಲಾಯಿತೋ, ನಿಲ್ಲಿಸಿರಿ. ಅರ್ಧ ಬಿಚ್ಚಿದಾಗಲೇ ಕೈಟ್ ಏಳಲು ನೋಡಿದರೆ ಬಾರ್ ಬಿಟ್ಟುಬಿಡಿರಿ, ಆಗಲೂ ಎಳೆದರೆ ಲೀಶನ್ನೂ ಕಳಚಿರಿ. ಹಾರ್ನೆಸ್ಸಿನಲ್ಲಿ ಲೈನ್ ಕೊಯ್ಯುವ ಕೊಕ್ಕೆ ಚಾಕು ಇಲ್ಲದವರು ಇದಕ್ಕೆ ಕೈಹಾಕಬಾರದು.

ಲೈನ್ ಮುಗಿಯುವ ಹೊತ್ತಿಗೆ ನೀವೂ ಬೋಟಿನಿಂದ ತೇಲಿ ದೂರ ಬಂದಿರುತ್ತೀರಿ. ಕೆಂಪು ತುದಿ ಎಡಗೈಗೆ ಬರಲಿ. ಲೈನ್ ತಿರುಚಿಲ್ಲ, ರೆಕ್ಕೆಯ ತುದಿಗೆ ಸುತ್ತಿಲ್ಲ ಅಂತ ನೋಡಿಕೊಳ್ಳಿರಿ; ಸುತ್ತಿದ ಕೈಟ್ ಎದ್ದರೆ ಬುಗುರಿಯಾಗುತ್ತದೆ. ಆಮೇಲೆ ಚಿಕನ್ ಲೂಪ್ ಹುಕ್ ಮಾಡಿರಿ. ಬಾರನ್ನು ದೂರ ತಳ್ಳಿ ಒಂದೇ ಬದಿಯ ಹಿಂದಿನ ಲೈನ್ ಮೆಲ್ಲಗೆ ಎಳೆದು ಹಿಡಿಯಿರಿ. ಕೈಟ್ ಮಗ್ಗುಲಾಗಿ ಒಂದು ತುದಿಯ ಮೇಲೆ ನಿಂತು, ಗಾಳಿಯ ಅಂಚಿಗೆ, ಅಂದರೆ ನಿಮ್ಮ ಪಕ್ಕದ ಕಡೆಗೆ ತೆವಳುತ್ತದೆ. ಇದಕ್ಕೆ ಒಂದು ನಿಮಿಷವೂ ಹಿಡಿಯಬಹುದು, ಅವಸರ ಮಾಡಬೇಡಿರಿ. ನಟ್ಟನಡುವಿನಿಂದ ಜಿಗಿಸಿದರೆ ಪೂರ್ತಿ ಎಳೆತ ನಿಮ್ಮ ಸೊಂಟಕ್ಕೆ. ಅಂಚಿಗೆ ಬಂದ ಮೇಲೆ ನೀರು ಸುರಿಸುತ್ತ ತಾನೇ ಏಳುತ್ತದೆ, ಆಗ ಎಳೆದು ಹಿಡಿದಿದ್ದ ಲೈನ್ ಬಿಟ್ಟು ನಿಧಾನಕ್ಕೆ ನೆತ್ತಿಯ ಮೇಲಕ್ಕೆ ತನ್ನಿರಿ. ಬೋರ್ಡನ್ನು ಬೋಟಿನವರು ಆಮೇಲೆ ತಂದುಕೊಡಲಿ.

ಮರಳುವಾಗಿನ ಕ್ರಮವನ್ನು ಬೋಟಿನವರಿಗೆ ಮೊದಲೇ ಹೇಳಿಡಿರಿ: ಕೈಟ್ ಮತ್ತು ನಿಮ್ಮ ನಡುವೆ ಎಂದೂ ನುಗ್ಗಬಾರದು. ನೀವು ಕೈಟ್ ಬೀಳಿಸಿ, ರಿಲೀಸ್ ಒತ್ತಿ, ಲೈನ್ ಸುತ್ತಿಕೊಂಡು ಕೈಟ್ ಹತ್ತಿರ ತಲುಪಬೇಕು. ಅದಾದ ಮೇಲೆ ಬೋಟ್ ಕೈಟಿನ ಆಚೆ ಬದಿಯಿಂದ ಬಂದು ಎಂಜಿನ್ ಆರಿಸಿ, ಲೀಡಿಂಗ್ ಎಡ್ಜ್ ಹಿಡಿದು, ಒಳಗೆ ಎಳೆಯುವ ಮುಂಚೆ ವಾಲ್ವ್ ತೆಗೆಯಲಿ.