ಕಾರವಾರದಿಂದ ಮಲ್ಪೆಗೆ ಸಣ್ಣ ಹಾಯಿದೋಣಿಯಲ್ಲಿ: ರಾತ್ರಿ ಎಲ್ಲಿ ನಿಲ್ಲಿಸ್ತೀರಿ?

ನಿಮ್ಮ ಪ್ರಶ್ನೆ ಇದು: ಮೂವತ್ತು ಅಡಿಯ ಹಾಯಿದೋಣಿಯಲ್ಲಿ ಕರಾವಳಿ ಹಿಡಿದು ಹೋಗುವವರು ರಾತ್ರಿ ಎಲ್ಲಾದರೂ ಲಂಗರು ಹಾಕಿ ಮಲಗುತ್ತಾರಾ, ಇಲ್ಲ ಹೋಗುತ್ತಲೇ ಇರುತ್ತಾರಾ? ಕತ್ತಲಲ್ಲಿ ದಡ ಹತ್ತಿರ ಇದ್ದರೆ ಧೈರ್ಯ ಅಲ್ವಾ?

ಹೋಗುತ್ತಲೇ ಇರುತ್ತೇವೆ. ಎರಡನೆಯ ಮಾತು ಮಾತ್ರ ಉಲ್ಟಾ. ರಾತ್ರಿ ಹೊತ್ತು ದಡ ದೂರ ಇದ್ದಷ್ಟೂ ನೆಮ್ಮದಿ.

ನಾನು ಕುಮಟಾ ಕಡೆಯವನು. ಗೋವಾದಲ್ಲಿರುವ ಗೆಳೆಯರೊಬ್ಬರ ದೋಣಿಯಲ್ಲಿ ಚಳಿಗಾಲಕ್ಕೆ ಕೈಯಾಳಾಗಿ ಹೋಗುತ್ತೇನೆ. ನಾವು ಹೋಗಿಬಂದಿರುವ ಕಾರವಾರ–ಮಲ್ಪೆ ದಾರಿಯ ಲೆಕ್ಕವನ್ನೇ ಹೇಳುತ್ತೇನೆ. ನೀರಿನ ಮೇಲೆ ಅದು ಸುಮಾರು 95 ನಾಟಿಕಲ್ ಮೈಲಿ, ಅಂದರೆ 175 ಕಿ.ಮೀ. ನಮ್ಮ ದೋಣಿಗೆ ಸರಾಸರಿ 5 ನಾಟ್ ಸಿಕ್ಕರೆ ಪುಣ್ಯ. ಗಂಟೆಗೆ 9 ಕಿ.ಮೀ. ಅಷ್ಟೇ. ಅಲ್ಲಿಗೆ 19 ಗಂಟೆ ಆಯಿತು. ಜನವರಿಯಲ್ಲಿ ಹಗಲು ಇರುವುದೇ 11 ಗಂಟೆ ಚಿಲ್ಲರೆ. ರಾತ್ರಿ ತಪ್ಪಿಸುವ ಮಾತೇ ಇಲ್ಲ.

ನಡುವೆ ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ ಇದೆಯಲ್ಲ ಅಂತ ನೀವು ಕೇಳಬಹುದು. ಒಳಗೆ ಹೋಗಬೇಕೆಂದರೆ ನದಿಯ ಅಳಿವೆ ದಾಟಬೇಕು. ಅಳಿವೆಯ ಬಾಯಲ್ಲಿ ಮರಳ ದಿಬ್ಬ. ಪ್ರತಿ ಮಳೆಗಾಲ ಕಳೆದ ಮೇಲೆ ಅದು ಜಾಗ ಬದಲಿಸಿರುತ್ತದೆ. ಹೊನ್ನಾವರದ ಅಳಿವೆಯಲ್ಲಿ ಊರಿನ ಮೀನುಗಾರರ ಬೋಟುಗಳೇ ಮಗುಚಿದ್ದುಂಟು. ಹುಟ್ಟಿದಾಗಿಂದ ಅಲ್ಲೇ ಓಡಾಡಿದವರ ಕಥೆ ಹೀಗಿದ್ದರೆ, ಕತ್ತಲಲ್ಲಿ ಒಂದೂವರೆ ಮೀಟರ್ ಕೀಲ್ (ದೋಣಿಯ ತಳದಿಂದ ನೀರೊಳಗೆ ಇಳಿದಿರುವ ಭಾರದ ರೆಕ್ಕೆ) ಇಳಿಬಿಟ್ಟುಕೊಂಡು ಬರುವ ನಾವು ಯಾವ ಲೆಕ್ಕ!

ಹಾಗಾಗಿ ಹೊರಡುವ ಹೊತ್ತನ್ನು ಮುಟ್ಟುವ ಹೊತ್ತೇ ತೀರ್ಮಾನ ಮಾಡುತ್ತದೆ. ಮಲ್ಪೆಯ ಹೊರಗೆ ಸೇಂಟ್ ಮೇರೀಸ್ ದ್ವೀಪಗಳು, ಅವುಗಳ ಸುತ್ತ ಬಂಡೆಗಳು, ಬಂದರಿನ ಬಾಯಲ್ಲಿ ಟ್ರಾಲ್ ಬೋಟುಗಳ ಸಾಲು. ಬೆಳಕು ಹರಿಯದೆ ಆ ಕಡೆ ತಲೆ ಹಾಕಬಾರದು. ಬೆಳಗ್ಗೆ ಎಂಟಕ್ಕೆ ಮುಟ್ಟಬೇಕಾದರೆ ಹಿಂದಿನ ಮಧ್ಯಾಹ್ನ ಒಂದಕ್ಕೆ ಕಾರವಾರ ಬಿಡಬೇಕು. ಬೇಗ ಬಂದುಬಿಟ್ಟರೆ ಹಾಯಿ ಕಮ್ಮಿ ಮಾಡಿಕೊಂಡು ಹೊರಗೇ ಕಾಯುವುದು. ತಡವಾದರೆ ತಲೆಬಿಸಿಯೇ ಇಲ್ಲ, ಹಗಲು ಪೂರ್ತಿ ಮುಂದಿದೆ.

ಮಧ್ಯಾಹ್ನ ಒಂದು ಗಂಟೆ ಗಾಳಿಗೂ ಒಳ್ಳೆಯ ಹೊತ್ತು. ನೆಲ ಕಾದು ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಬೆನ್ನಿಗೆ ಬಿದ್ದು ತಳ್ಳುತ್ತದೆ. ಹೊತ್ತು ಮುಳುಗಿದ ಮೇಲೆ ಅದರ ಕಥೆ ಮುಗಿಯಿತು. ಎಂಟರಿಂದ ನಡುರಾತ್ರಿವರೆಗೆ ಹಾಯಿ ಸುಮ್ನೆ ಪಟಪಟ ಬಡಿದುಕೊಳ್ಳುತ್ತದೆ, ಡೀಸೆಲ್ ಇಂಜಿನ್ ಹಾಕಲೇಬೇಕು. ಇಡೀ ಪಯಣದಲ್ಲಿ ನನಗೆ ಬೇಜಾರಿನ ಹೊತ್ತು ಅದೇ. ನಡುರಾತ್ರಿ ಕಳೆದ ಮೇಲೆ ಘಟ್ಟದ ಕಡೆಯಿಂದ ತಂಪುಗಾಳಿ ಇಳಿದು ಬರುತ್ತದೆ. ಬಂತು ಅಂತ ಮೊದಲು ಗೊತ್ತಾಗುವುದು ಮೂಗಿಗೆ. ತರಗೆಲೆ ಸುಟ್ಟ ಹೊಗೆ, ಒಣಹುಲ್ಲು, ಕೆಲವೊಮ್ಮೆ ಒಣಮೀನು. ಇಂಜಿನ್ ನಿಲ್ಲಿಸಿ ಹಾಯಿ ಬಿಗಿ ಮಾಡಿದರೆ ಬೆಳಗಿನ ತನಕ ದೋಣಿ ಚೆನ್ನಾಗಿ ಓಡುತ್ತದೆ.

ಈಗ ದಡದ ವಿಷಯ. ಹೊಸಬರಿಗೆ ಭಯ ಇರುವುದು ಅಲೆಯದ್ದು, ಇಲ್ಲವೇ ದೊಡ್ಡ ಹಡಗಿನದ್ದು. ಚಳಿಗಾಲದಲ್ಲಿ ಇಲ್ಲಿ ಅಲೆ ಜಾಸ್ತಿ ಇರುವುದಿಲ್ಲ. ಹಡಗು ಎಐಎಸ್ (ಹಡಗುಗಳು ತಾವೆಲ್ಲಿದ್ದೇವೆ ಅಂತ ರೇಡಿಯೋದಲ್ಲಿ ತಾವೇ ತಿಳಿಸುವ ವ್ಯವಸ್ಥೆ) ಪರದೆಯಲ್ಲಿ ಹೆಸರು, ವೇಗ ಸಮೇತ ಕಾಣುತ್ತದೆ. ನಿಜವಾದ ತಲೆನೋವು ಬಲೆ. ದಡದಿಂದ ಐದಾರು ಮೈಲಿಯೊಳಗೆ ಸಣ್ಣ ದೋಣಿಗಳು ತೇಲುಬಲೆ ಬಿಟ್ಟುಕೊಂಡು ಕೂತಿರುತ್ತವೆ. ಬಲೆಯ ಒಂದು ತುದಿಯಲ್ಲಿ ದೋಣಿ, ಇನ್ನೊಂದು ತುದಿಯಲ್ಲಿ ಮಿಣಿಮಿಣಿ ಅನ್ನುವ ಬ್ಯಾಟರಿ ದೀಪ. ಎಷ್ಟೋ ಸಲ ಅದೂ ಇರುವುದಿಲ್ಲ. ನೈಲಾನ್ ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಇಂಜಿನ್ ಕಥೆ ಮುಗಿಯಿತು, ಅವರ ಹೊಟ್ಟೆಪಾಡಿಗೂ ಪೆಟ್ಟು.

ಒಮ್ಮೆ ಬೈಂದೂರಿನ ನೇರಕ್ಕೆ ಬಂದಿದ್ದೆವು. ಗಾಳಿ ಇನ್ನೂ ಎದ್ದಿರಲಿಲ್ಲ, ಇಂಜಿನ್ ನಡೆಯುತ್ತಿತ್ತು. ಇದ್ದಕ್ಕಿದ್ದಂತೆ ಕೆಳಗಿನಿಂದ ಟಾರ್ಚ್ ಬೆಳಕು ನಮ್ಮ ಹಾಯಿಯ ಮೇಲೆ ಬಿತ್ತು. “ಹೊರಗೆ ಹೋಗಿ ಮಾರಾಯ್ರೆ, ಬಲೆ ಉಂಟು!” ಗೆಳೆಯರು ತಕ್ಷಣ ಗೇರ್ ನ್ಯೂಟ್ರಲ್ಲಿಗೆ ತಂದರು. ದೋಣಿ ತನ್ನ ಓಟದಲ್ಲೇ ಜಾರುತ್ತಿತ್ತು. ಬಲೆಯ ಬೆಂಡುಗಳು ಒಂದೊಂದಾಗಿ ನಮ್ಮ ಮಗ್ಗುಲಿಗೆ ತಟ್, ತಟ್ ಅಂತ ತಾಗುತ್ತಾ ಹಿಂದಕ್ಕೆ ಹೋದವು. ಆ ಮನುಷ್ಯ ಟಾರ್ಚ್ ಆಡಿಸುತ್ತಲೇ ಬಲೆ ಎಲ್ಲಿ ಮುಗಿಯುತ್ತದೆ ಅಂತ ತೋರಿಸಿದ. ಅಷ್ಟೂ ಆದಮೇಲೆ ಕೇಳಿದ್ದು, “ಯಾವೂರು?”

ಅದಕ್ಕೇ ನಾವು ಹತ್ತು-ಹನ್ನೆರಡು ಮೈಲಿ ಹೊರಗೆ ಹೋಗುವುದು. ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ಆಚೆ ನೇತ್ರಾಣಿ ನಡುಗಡ್ಡೆ ಇದೆ. ನೌಕಾಪಡೆ ಹಿಂದೆ ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡುತ್ತಿದ್ದ ಜಾಗ. ಅದನ್ನು ಎಡಗಡೆಗೆ ಬಿಟ್ಟು, ಇನ್ನೂ ಎರಡು ಮೈಲಿ ಹೊರಗಿನಿಂದ ದಾಟುತ್ತೇವೆ. ಅಷ್ಟು ದೂರದಲ್ಲಿ ಸಿಗುವುದು ಹೆಚ್ಚಾಗಿ ಟ್ರಾಲ್ ಬೋಟು, ಮೀನಿನ ಹಿಂಡಿಗೆ ಸುತ್ತ ಬಲೆ ಹಾಕುವ ಪರ್ಸೀನ್ ಬೋಟು. ಅವು ಕಾಣುತ್ತವೆ. ಕಾಣುವುದೇನು, ಕಣ್ಣು ಕುಕ್ಕುತ್ತವೆ.

1972ರ ಅಂತರರಾಷ್ಟ್ರೀಯ ನಿಯಮದ ಪ್ರಕಾರ ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಇರಬೇಕು. ಟ್ರಾಲ್ ಬಲೆ ಎಳೆಯುವವರು ಮೇಲೆ ಹಸಿರು, ಅದರ ಕೆಳಗೆ ಬಿಳಿ ಹಾಕಬೇಕು. ಬೇರೆ ಬಲೆಯವರದು ಕೆಂಪು, ಅದರ ಕೆಳಗೆ ಬಿಳಿ. ಈ ಬಣ್ಣ ನೋಡಿಯೇ ಎದುರಿನವನು ಬರುತ್ತಿದ್ದಾನಾ ಹೋಗುತ್ತಿದ್ದಾನಾ ಅಂತ ಹೇಳಬಹುದು. ನಮ್ಮ ಕಡಲಲ್ಲಿ ಡೆಕ್ಕಿನ ಫ್ಲಡ್‌ಲೈಟ್ ಮುಂದೆ ಕೆಂಪು-ಹಸಿರು ಎಲ್ಲ ಮುಳುಗಿಹೋಗಿರುತ್ತದೆ. ಆಗ ಹಳೇ ಉಪಾಯವೇ ಗತಿ. ಕೂತ ಜಾಗ ಕದಲಿಸದೆ, ದೋಣಿಯ ದಿಕ್ಕೂ ಬದಲಿಸದೆ, ಆ ದೀಪವನ್ನು ಕಟಕಟೆಯ ಒಂದು ಕಂಬಿಗೆ ನೇರ ಮಾಡಿಕೊಂಡು ನೋಡುತ್ತಿರಿ. ಕಂಬಿಯಿಂದ ಹಿಂದಕ್ಕೆ ಸರಿದರೆ ಅವನು ನಮ್ಮ ಹಿಂದಿನಿಂದ ದಾಟುತ್ತಾನೆ. ಮುಂದಕ್ಕೆ ಸರಿದರೆ ಮುಂದಿನಿಂದ. ಅಲ್ಲೇ ನಿಂತು ದೀಪ ದೊಡ್ಡದಾಗುತ್ತಾ ಬಂದರೆ ಡಿಕ್ಕಿ ಗ್ಯಾರಂಟಿ, ಈಗಲೇ ತಿರುಗಿಸಬೇಕು.

ವಿಎಚ್‌ಎಫ್ ರೇಡಿಯೋ 16ನೇ ಚಾನೆಲ್ಲಿನಲ್ಲಿ ರಾತ್ರಿಯಿಡೀ ಆನ್ ಇರುತ್ತದೆ. ಅದು ತುರ್ತು ಕರೆಗೆ ಇರುವ ಚಾನೆಲ್. ನಮ್ಮ ಬೋಟಿನವರು ಮೀನಿನ ರೇಟು, ಮದುವೆ ಮಾತುಕತೆ ಎಲ್ಲ ಅದರಲ್ಲೇ ಮುಗಿಸುತ್ತಾರೆ. ತಪ್ಪು, ಒಪ್ಪುತ್ತೇನೆ. ಆದರೂ ಕೇಳಲು ಮಜಾ. ಸಂಜೆ ಕೊಂಕಣಿ ಇದ್ದದ್ದು ಬೆಳಗಿನ ಜಾವಕ್ಕೆ ತುಳು ಆಗಿರುತ್ತದೆ. ನಕ್ಷೆ ನೋಡದೆಯೇ ಎಲ್ಲಿದ್ದೇವೆ ಅಂತ ಅಂದಾಜು ಸಿಗುತ್ತದೆ.

ನಿದ್ದೆ ಬಗ್ಗೆ. ಮೂವರಿದ್ದರೆ ತಲಾ ಮೂರು ಗಂಟೆ ಪಾಳಿ. ಪಾಳಿಯವನ ಕೆಲಸ ಹತ್ತು ನಿಮಿಷಕ್ಕೊಮ್ಮೆ ಸುತ್ತ ನೋಡುವುದು. ಲೆಕ್ಕ ಸರಳ: 15 ನಾಟ್ ಹಡಗು ಎದುರಿನಿಂದ ಬಂದರೆ ಇಬ್ಬರ ವೇಗ ಸೇರಿ 20, ಆರು ಮೈಲಿ ಆಚೆ ಕಂಡ ದೀಪ 18 ನಿಮಿಷದಲ್ಲಿ ತಲೆಮೇಲೆ. ಮೊಬೈಲ್ ನೋಡುವ ಹಾಗಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಕೆಟ್ಟರೆ ಮತ್ತೆ ಸರಿಹೋಗಲು ಅರ್ಧ ಗಂಟೆ ಬೇಕು. ಅದಕ್ಕೇ ಒಳಗೂ ಕೆಂಪು ಬಲ್ಬು. ಲೈಫ್ ಜಾಕೆಟ್ ಹಾಕಿ, ಸೊಂಟದ ಹಗ್ಗವನ್ನು ದೋಣಿಗೆ ಕೊಕ್ಕೆ ಹಾಕದೆ ಯಾರೂ ಹೊರಗೆ ಬರುವ ಹಾಗಿಲ್ಲ. ಗಂಡಸರಿಗೆ ಇನ್ನೊಂದು ಕಾನೂನು: ಅಂಚಿನಲ್ಲಿ ನಿಂತು ಮೂತ್ರ ಮಾಡಬಾರದು. ನಗಬೇಡಿ, ಜನ ನೀರಿಗೆ ಬೀಳುವುದೇ ಹಾಗೆ. ಊಟ ಹಗಲೇ ಮಾಡಿಟ್ಟ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ. ಬೆಳಗಿನ ಜಾವ ಇಬ್ಬನಿಗೆ ಡೆಕ್ ಪೂರ್ತಿ ಒದ್ದೆ, ಸ್ವೆಟರ್ ಬೇಕೇ ಬೇಕು. ಕರಾವಳಿಯವರು ನಂಬುವುದಿಲ್ಲ.

ವಾಪಸ್ ಉತ್ತರಕ್ಕೆ ಬರುವಾಗಂತೂ ರಾತ್ರಿಯೇ ಬೇಕು. ಮಧ್ಯಾಹ್ನದ ವಾಯವ್ಯ ಗಾಳಿ ಮುಖಕ್ಕೇ ಹೊಡೆಯುತ್ತದೆ, ದಾರಿ ಸಾಗುವುದಿಲ್ಲ. ಬೆಳಗಿನ ಜಾವದ ಘಟ್ಟದ ಗಾಳಿ ಮಗ್ಗುಲಿಗೆ ಸಿಗುತ್ತದೆ. ಮಂಗಳೂರಿನ ಹೆಂಚು ಹೊತ್ತು ಮುಂಬೈಗೆ ಹೋಗುತ್ತಿದ್ದ ಹಾಯಿ ಹಡಗುಗಳಿಗೆ ಇಂಜಿನ್ ಎಲ್ಲಿತ್ತು? ಈ ಎರಡು ಗಾಳಿಯನ್ನೇ ನಂಬಿ ಹೋಗಬೇಕಿತ್ತು.

ನೀವು ಹೊರಡುವುದಾದರೆ ನವೆಂಬರಿಂದ ಫೆಬ್ರವರಿ ಒಳಗೆ, ಹುಣ್ಣಿಮೆಯ ಆಸುಪಾಸು ನೋಡಿ. ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನ ಕಡಲ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ. ಕಾರವಾರ ಬಿಡುವಾಗ ನೌಕಾನೆಲೆ, ಅಂಜುದೀವ್ ದ್ವೀಪದಿಂದ ದೂರ ಇರಿ. ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ, ಕೋಸ್ಟ್ ಗಾರ್ಡಿನ 1554 ಬರೆದಿಟ್ಟುಕೊಳ್ಳಿ. ವಾಂತಿ ಮಾತ್ರೆ ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಒಳಗೆ ನಿಲ್ಲುವುದಿಲ್ಲ. ಅದಕ್ಕೂ ಮೊದಲು ಮಾರ್ಮಗೋವಾದಿಂದ ಕಾರವಾರದ ಸುಮಾರು 40 ಮೈಲಿಯನ್ನು ಯಾರ ಜೊತೆಗಾದರೂ ಹಗಲಲ್ಲೇ ಒಮ್ಮೆ ಮಾಡಿ. ಎಂಟು ಗಂಟೆ ಕೂತು ಬಂದ ಮೇಲೂ ಆಸೆ ಉಳಿದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಯಾವ ಸಾಮಾನು ಬೇಕು ಅಂತ ಹೇಳುತ್ತೇನೆ.