ಡ್ರಾಫ್ಟ್‌ನ ಕ್ರಮಾಂಕ, ಅಂಕಣದ ನಿಮಿಷಗಳು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಸರ್ಬಿಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಡಾರ್ಕೊ ಮಿಲಿಚಿಚ್ ಕುರಿತು ಪ್ರಕಟವಾದ ಲೇಖನಕ್ಕೆ ತಾವು ಎತ್ತಿರುವ ಆಕ್ಷೇಪ ಇದು: ಅತಿಯಾದ ನಿರೀಕ್ಷೆಯೇ ಆ ಹುಡುಗನ ಆಟವನ್ನು ಕುಗ್ಗಿಸಿತು ಎನ್ನುವುದಾದರೆ, ಅಷ್ಟೇ ನಿರೀಕ್ಷೆಯನ್ನು ಹೊತ್ತು ಬಂದ ಸ್ಲೊವೇನಿಯಾದ ಲೂಕಾ ಡಾನ್ಚಿಚ್ ಹೇಗೆ ಬೆಳೆದರು? ಪ್ರತಿಭೆಯುಳ್ಳವನು ಬೆಳೆಯುತ್ತಾನೆ, ನಡುವೆ ಡ್ರಾಫ್ಟನ್ನು, ಅಂದರೆ ಅಮೆರಿಕದ ಎನ್‌ಬಿಎ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆಯ್ದುಕೊಳ್ಳುವ ವ್ಯವಸ್ಥೆಯನ್ನು, ಏಕೆ ದೂರಬೇಕು ಎಂದು ತಾವು ಕೇಳುತ್ತೀರಿ. ತಮ್ಮ ಬಳಿ ಕಲಿಯುತ್ತಿರುವ ಹದಿನೈದರ ಹುಡುಗನೊಬ್ಬನನ್ನು ವಿದೇಶದ ಅಕಾಡೆಮಿಗೆ ಕಳುಹಿಸಬಹುದೇ ಎಂಬ ಪ್ರಶ್ನೆಯೂ ಪತ್ರದಲ್ಲಿದೆ.

ನಿರೀಕ್ಷೆ ಮನಸ್ಸಿನ ಮೇಲೆ ಹೇರುವ ಭಾರವನ್ನು ನಾನು ಅಷ್ಟು ದೊಡ್ಡದೆಂದು ಎಣಿಸುವುದಿಲ್ಲ. ಹದಿನಾರರಿಂದ ಇಪ್ಪತ್ತರವರೆಗಿನ ವಯಸ್ಸಿನಲ್ಲಿ ಹುಡುಗ ಯಾವ ತಂಡದಲ್ಲಿ, ಯಾರ ಎದುರು, ಎಷ್ಟು ಹೊತ್ತು ಆಡುತ್ತಾನೆ ಎಂಬುದನ್ನು ಆ ನಿರೀಕ್ಷೆ ಮೊದಲೇ ತೀರ್ಮಾನಿಸಿಬಿಡುತ್ತದೆ, ನನ್ನ ತಕರಾರು ಇರುವುದು ಅಲ್ಲಿ. ಮಿಲಿಚಿಚ್ ಅವರನ್ನು 2003ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಎರಡನೆಯವರಾಗಿ, ಲೆಬ್ರಾನ್ ಜೇಮ್ಸ್ ಅವರ ನಂತರ, ಕಾರ್ಮೆಲೊ ಆಂಥೊನಿ ಮತ್ತು ಡ್ವೇನ್ ವೇಡ್ ಅವರಿಗಿಂತ ಮೊದಲು ಆಯ್ದುಕೊಂಡಿತು. ಆಗ ಅವರಿಗೆ ಹದಿನೆಂಟು. ಆಡಿದ್ದು ವರ್ಶಾಟ್ಸ್ ಎಂಬ ಊರಿನ ಹೆಮೊಫಾರ್ಮ್ ತಂಡಕ್ಕೆ. ಅಷ್ಟು ಮೇಲಿನ ಸ್ಥಾನ ಸಾಮಾನ್ಯವಾಗಿ ಸೋತು ಸುಣ್ಣವಾದ ತಂಡಕ್ಕೆ ಸಿಗುತ್ತದೆ, ಅಲ್ಲಿ ಹೊಸಬನಿಗೆ ಆಡಲು ಎಡೆಯೂ ಇರುತ್ತದೆ. ಪಿಸ್ಟನ್ಸ್‌ಗಾದರೋ 1997ರಲ್ಲಿ ಗ್ರಿಜ್ಲೀಸ್ ತಂಡದೊಡನೆ ನಡೆದ ವಿನಿಮಯವೊಂದರಿಂದ ಆ ತಂಡದ ಪಾಲಿನ ಸರದಿ ಕೈಗೆ ಬಂದಿತ್ತು, ತಂಡವೋ ಪ್ರಶಸ್ತಿಯ ಹೊಸ್ತಿಲಲ್ಲಿತ್ತು. ಮರುವರ್ಷ ಅವರು ಚಾಂಪಿಯನ್ನರಾದರು. ಆ ಋತುವಿನಲ್ಲಿ ಮಿಲಿಚಿಚ್ 34 ಪಂದ್ಯಗಳಲ್ಲಿ, ಪಂದ್ಯಕ್ಕೆ ಸರಾಸರಿ ಐದು ನಿಮಿಷಕ್ಕೂ ಕಡಿಮೆ ಆಡಿದರು. ಬೆಳೆಯಬೇಕಾದ ವಯಸ್ಸಿನ ಹುಡುಗ ಬೆಂಚಿನ ಮೇಲೆ ಕುಳಿತು ಗೆಲುವನ್ನು ನೋಡಿದ. ಇದು ಪ್ರತಿಭೆಯ ಪರೀಕ್ಷೆಯೇ ಅಲ್ಲ, ಏಕೆಂದರೆ ಪರೀಕ್ಷೆ ನಡೆಯಲೇ ಇಲ್ಲ.

ಡಾನ್ಚಿಚ್ ಅವರ ದಾರಿ ಬೇರೆ. ಹದಿಮೂರಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿ, ಹದಿನಾರಕ್ಕೆ ಅದರ ಹಿರಿಯರ ತಂಡದಲ್ಲಿ ಕಣಕ್ಕಿಳಿದು, 2017ರಲ್ಲಿ ಸ್ಲೊವೇನಿಯಾ ಯುರೋಪಿನ ಪ್ರಶಸ್ತಿ ಗೆದ್ದಾಗ ಆ ತಂಡದಲ್ಲಿದ್ದು, 2018ರಲ್ಲಿ ಯುರೋಪಿನ ಕ್ಲಬ್ಬುಗಳ ಅತ್ಯುನ್ನತ ಸ್ಪರ್ಧೆಯಾದ ಯುರೋಲೀಗ್ ಪ್ರಶಸ್ತಿಯನ್ನೂ ಅದರ ಅತ್ಯುತ್ತಮ ಆಟಗಾರನೆಂಬ ಗೌರವವನ್ನೂ ಪಡೆದ ಮೇಲೆ ಅವರು ಅಮೆರಿಕಕ್ಕೆ ಹೋದರು. ಅಷ್ಟಾಗಿಯೂ ಇಬ್ಬರನ್ನು ಅವರಿಗಿಂತ ಮುಂದೆ ಆರಿಸಲಾಯಿತು, ಏಕೆಂದರೆ ಡ್ರಾಫ್ಟ್ ಬೆಲೆ ಕಟ್ಟುವುದು ಮಾಡಿದ್ದಕ್ಕಲ್ಲ, ಮುಂದೆ ಮಾಡಬಹುದಾದದ್ದಕ್ಕೆ. ಹಾಲು ಕರೆಯುವ ಮೊದಲೇ ಕರುವಿನ ಕಾಲು, ಬೆನ್ನು ನೋಡಿ ದರ ಹೇಳುವ ಸಂತೆ ಅದು.

ಈ ಸಂತೆಗೆ ಹಣದ ಲೆಕ್ಕವೂ ಇದೆ. ಈಗಿನ ನಿಯಮದಂತೆ ಅಮೆರಿಕದ ಹೊರಗಿನ ಆಟಗಾರ 22 ತುಂಬುವ ವರ್ಷ ತಾನಾಗಿಯೇ ಡ್ರಾಫ್ಟ್‌ಗೆ ಅರ್ಹನಾಗುತ್ತಾನೆ; 19 ತುಂಬುವ ವರ್ಷದಿಂದಲೇ ಬೇಕಿದ್ದರೆ ಹೆಸರು ಕೊಡಬಹುದು. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಖಚಿತ ಸಂಬಳದ ಒಪ್ಪಂದವಿದೆ, ಎರಡನೆಯ ಸುತ್ತಿನವನಿಗೆ ಅಂಥ ಭರವಸೆಯಿಲ್ಲ. ಹೀಗಾಗಿ ಏಜೆಂಟರು ಹುಡುಗನಿಗೆ ಬೇಕಾದ ತಂಡಕ್ಕಿಂತ ಅವನನ್ನು ಚೆನ್ನಾಗಿ ತೋರಿಸುವ ತಂಡವನ್ನು ಹುಡುಕುತ್ತಾರೆ. ಇದು ಯಾವಾಗಲೂ ಕೆಟ್ಟದ್ದೇನಲ್ಲ. ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮ 2022ರಲ್ಲಿ ಯುರೋಲೀಗ್ ಆಡುವ ಆಸ್ವೆಲ್ ತಂಡವನ್ನು ಬಿಟ್ಟು ಮೆಟ್ರೊಪಾಲಿಟನ್ಸ್ 92 ಸೇರಿದರು. ಪಂದ್ಯಗಳು ಕಡಿಮೆಯಾದವು, ತಂಡ ಅವರ ಸುತ್ತಲೇ ಕಟ್ಟಲ್ಪಟ್ಟಿತು, ಫ್ರಾನ್ಸ್‌ನ ಲೀಗಿನ ಫೈನಲ್‌ವರೆಗೂ ಬಂತು. ಬೆಲ್‌ಗ್ರೇಡಿನ ಮೆಗಾ ತಂಡ ಎಳೆಯರನ್ನು ಆಡಿಸುವುದನ್ನೇ ಕಸುಬಾಗಿಸಿಕೊಂಡಿದೆ. ಮುಂದೆ ಎನ್‌ಬಿಎಯ ಅತ್ಯುತ್ತಮ ಆಟಗಾರರೆನಿಸಿದ ನಿಕೊಲಾ ಯೋಕಿಚ್ ಅವರನ್ನು 2014ರಲ್ಲಿ ಡೆನ್ವರ್ 41ನೆಯವರಾಗಿ ಆಯ್ದಾಗ ಯಾರಿಗೂ ಅವಸರವಿರಲಿಲ್ಲ. ಇನ್ನೊಂದು ವರ್ಷ ಅದೇ ಮೆಗಾದಲ್ಲಿ ಮುಖ್ಯ ಆಟಗಾರರಾಗಿ ಉಳಿದು, ಆಮೇಲೆ ಅವರು ಡೆನ್ವರ್‌ಗೆ ಹೊರಟರು. ಎರಡನೆಯ ಸ್ಥಾನ ಸಿಕ್ಕಿದ್ದರೆ ಆ ಒಂದು ವರ್ಷ ಅವರಿಗೆ ದಕ್ಕುತ್ತಿತ್ತೇ ಎಂಬುದು ನನ್ನ ಅನುಮಾನ.

ಭಾರತದ ಉದಾಹರಣೆಯನ್ನೂ ತಾವು ಕೇಳಿದ್ದೀರಿ. ಪಂಜಾಬಿನ ಹಳ್ಳಿಯಿಂದ 2010ರಲ್ಲಿ ಫ್ಲಾರಿಡಾದ ಅಕಾಡೆಮಿಗೆ ಹೋದ ಏಳಡಿ ಎತ್ತರದ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ 52ನೆಯವರಾಗಿ ಆಯ್ದುಕೊಂಡಿತು. ದೇಶ ಸಂಭ್ರಮಿಸಿತು, ನಮ್ಮ ಪತ್ರಿಕೆಗಳೂ ಸಂಭ್ರಮಿಸಿದವು. ಆದರೆ ಕಾಲೇಜು ತಂಡದಲ್ಲಾಗಲಿ ಯುರೋಪಿನ ಲೀಗಿನಲ್ಲಾಗಲಿ ಆಡಿ ಪಳಗದೆ ಶಾಲೆಯಿಂದ ನೇರವಾಗಿ ಡ್ರಾಫ್ಟ್‌ಗೆ ಬಂದ ಅವರಿಗೆ ಎನ್‌ಬಿಎ ಲೀಗಿನ ಒಂದು ಪಂದ್ಯವೂ ಸಿಗಲಿಲ್ಲ. ತಮ್ಮ ಹುಡುಗನನ್ನು ಕಳುಹಿಸುವ ಮೊದಲು ಅಕಾಡೆಮಿಯ ಜಿಮ್ಮಿನ ಚಿತ್ರಗಳನ್ನು ಬದಿಗಿಟ್ಟು, ಹದಿನೆಂಟು ತುಂಬಿದ ವರ್ಷ ಅವನು ದೊಡ್ಡವರ ಲೀಗಿನಲ್ಲಿ ವಾರಕ್ಕೆ ಎಷ್ಟು ಹೊತ್ತು ಆಡಬಲ್ಲ, ಯಾವ ತರಬೇತುದಾರರು ಆ ಮಾತು ಕೊಡುತ್ತಾರೆ ಎಂದು ಲಿಖಿತವಾಗಿ ಕೇಳಿ.

ಇನ್ನು ಅಮೆರಿಕದ ಕಾಲೇಜುಗಳ ಮಾತು. 2021ರಿಂದ ಅಲ್ಲಿನ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅವಕಾಶವಾದ ಮೇಲೆ ಯುರೋಪಿನ ಹುಡುಗರು ಅತ್ತ ಹೊರಳುತ್ತಿದ್ದಾರೆ; ರಿಯಲ್ ಮ್ಯಾಡ್ರಿಡ್‌ನ ಕಿರಿಯರ ವಿಭಾಗದಿಂದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಹೋದ ಯೆಗೊರ್ ಡ್ಯೋಮಿನ್ 2025ರಲ್ಲಿ ಎಂಟನೆಯವರಾಗಿ ಆಯ್ಕೆಯಾದರು. ಹುಡುಗರಿಗೆ ಅಲ್ಲಿ ಆಡುವ ನಿಮಿಷಗಳೂ ಸಿಗುತ್ತವೆ, ಹಣವೂ ಸಿಗುತ್ತದೆ. ನಷ್ಟ ಯುರೋಪಿನ ಕ್ಲಬ್ಬುಗಳಿಗೆ. ಎನ್‌ಬಿಎ ತಂಡ ಹುಡುಗನನ್ನು ಒಪ್ಪಂದದಿಂದ ಬಿಡಿಸಿಕೊಳ್ಳಲು ತೆರುತ್ತಿದ್ದ ಹಣ ಕೈತಪ್ಪಿದರೆ, ಹದಿನೇಳರವನನ್ನು ಸೋಲಿನ ಭಯದ ನಡುವೆಯೂ ಆಡಿಸುವ ಧೈರ್ಯ ಎಷ್ಟು ಕ್ಲಬ್ಬುಗಳಿಗೆ ಉಳಿದೀತು ಎಂಬುದರ ಮೇಲೆ ಮುಂದಿನ ಯೋಕಿಚ್ ಎಲ್ಲಿಂದ ಬರುತ್ತಾರೆ ಎನ್ನುವುದು ನಿಂತಿದೆ.

— ಸಂಪಾದಕ