ಬ್ಯಾರಲ್ ನೀರು, ಅರ್ಧ ಉಳಿದ ಸಿರಪ್, ಗದ್ದೆಯ ಕೆಸರು

ಮಳೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಜ್ವರದ್ದೇ. ಅದರಲ್ಲಿ ಮೂರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ ಬರುತ್ತದೆ. ಎರಡು ಬ್ಯಾರಲ್ ತುಂಬಿಸಿ ಇಡಲೇಬೇಕು. ಹೋದ ವರ್ಷ ನಮ್ಮ ಯಜಮಾನರಿಗೆ ಡೆಂಗಿ ಆಗಿತ್ತು. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅಂತಾರೆ, ನಿಜವೇ? ರಾತ್ರಿ ಸೊಳ್ಳೆ ಪರದೆ ಕಟ್ಟುತ್ತೇವೆ. ಅಷ್ಟು ಸಾಕಾ? – ಗೃಹಿಣಿ, ಹುಬ್ಬಳ್ಳಿ

ಉತ್ತರ: ನಿಜವಲ್ಲ ಅಮ್ಮ. ಡೆಂಗಿ ವೈರಸ್‌ನಲ್ಲಿ 4 ಬಗೆ ಇವೆ. ಒಂದು ಬಂದು ಹೋದರೆ ಆ ಒಂದರಿಂದ ಮಾತ್ರ ದೇಹಕ್ಕೆ ಬಹುಕಾಲ ರಕ್ಷಣೆ ಇರುತ್ತದೆ. ಎರಡನೇ ಸಲ ಬೇರೆ ಬಗೆಯದು ತಗುಲಿದರೆ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ. ಹಾಗಾಗಿ ನಿಮ್ಮ ಯಜಮಾನರಿಗೆ ಈ ಸಲ ಜ್ವರ ಬಂದರೆ 'ಹೋದ ವರ್ಷ ಡೆಂಗಿ ಆಗಿತ್ತು' ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಈಗ ಬ್ಯಾರಲ್ ವಿಷಯ. ವಾರಕ್ಕೊಮ್ಮೆ ನೀರು ಬಿಟ್ಟರೆ ಯಾರೇ ಆದರೂ ತುಂಬಿಸಿಡುತ್ತಾರೆ, ಅದು ನಿಮ್ಮ ತಪ್ಪಲ್ಲ. ಆದರೆ ಒಂದು ಸಂಗತಿ ಗೊತ್ತಿರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಬ್ಯಾರಲ್‌ನ ಒಳಗೋಡೆಗೆ ಅಂಟಿಸಿ. ನೀರು ಖಾಲಿಯಾದರೂ ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಉಳಿಯುತ್ತದೆ, ಮತ್ತೆ ನೀರು ತುಂಬಿಸಿದ ಕೂಡಲೇ ಅದರಿಂದ ಹುಳ ಹೊರಗೆ ಬರುತ್ತದೆ. ಹುಳ ಸೊಳ್ಳೆಯಾಗಿ ಹಾರಲು ಎಂಟು ಹತ್ತು ದಿನ ಸಾಕು, ಅಂದರೆ ಹೆಚ್ಚು ಕಡಿಮೆ ನಿಮ್ಮ ನಳಕ್ಕೆ ಮತ್ತೆ ನೀರು ಬರುವಷ್ಟು ಹೊತ್ತು. ಅದಕ್ಕೇ ಸುಮ್ನೆ ನೀರು ಚೆಲ್ಲಿದರೆ ಸಾಲದು. ನೀರು ಬರುವ ದಿನ, ತುಂಬಿಸುವ ಮೊದಲು, ಒಳಗೋಡೆಯನ್ನು ಬ್ರಷ್ ಹಾಕಿ ಗಸಗಸ ಉಜ್ಜಿ ತೊಳೆದು ಆ ನೀರನ್ನು ಮಣ್ಣಿಗೆ ಚೆಲ್ಲಿ. ತುಂಬಿಸಿದ ಮೇಲೆ ಹಳೆ ಸೀರೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಮುಚ್ಚಳ ಇಡಿ. ಮುಚ್ಚಳ ಒಂದೇ ಇದ್ದರೆ ಸಂದಿಯಲ್ಲಿ ಸೊಳ್ಳೆ ನುಗ್ಗುತ್ತದೆ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ಹಿತ್ತಲಲ್ಲಿ ಬಿದ್ದ ಕರಟ, ಹಳೆ ಟೈರು, ಇವನ್ನೂ ಅದೇ ದಿನ ನೋಡಿಬಿಡಿ.

ಇನ್ನು ಪರದೆ. ಈ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲಿ. ಬೆಳಿಗ್ಗೆ, ಮತ್ತೆ ಸಂಜೆ ಕತ್ತಲಾಗುವ ಮುಂಚೆ. ರಾತ್ರಿ ಪರದೆ ಬಿಡಬೇಡಿ, ಆದರೆ ಮಧ್ಯಾಹ್ನ ಮಲಗುವ ಮಗುವಿಗೂ ಅಜ್ಜಿಗೂ ಅದು ಬೇಕು. ಜ್ವರ ಬಂದವರಿಗಂತೂ ಹಗಲೂ ಬೇಕು. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯ ಇನ್ನೊಬ್ಬರಿಗೆ ವೈರಸ್ ದಾಟಿಸುತ್ತದೆ.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ. ಮೈಕೈ ನೋವು ಅಂತ ಐಬುಪ್ರೊಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ: ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. 'ಜ್ವರ ಬಿಡ್ತು, ಇನ್ನೇನಿಲ್ಲ' ಅಂತ ಎಲ್ಲರೂ ನಿರಾಳವಾಗುವ ಹೊತ್ತಿಗೇ ರಕ್ತನಾಳದಿಂದ ದ್ರವ ಸೋರಲು ಶುರುವಾಗಬಹುದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ವಸಡಲ್ಲಿ ರಕ್ತ, ತೀರಾ ಸುಸ್ತು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತಲೇ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ರೋಗಿ ನೀರು ಕುಡಿಯುತ್ತಿದ್ದಾರಾ, ಮೂತ್ರ ಹೋಗುತ್ತಿದೆಯಾ ಅನ್ನೋದು. ಪಪ್ಪಾಯಿ ಎಲೆ ರಸ ಕುಡಿಸುತ್ತಾ ಮನೆಯಲ್ಲೇ ಎರಡು ದಿನ ಕಳೆದು ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ. ಆ ಎರಡು ದಿನ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ಮಗನಿಗೆ 4 ವರ್ಷ. ಶಾಲೆಗೆ ಸೇರಿಸಿದಾಗಿಂದ ತಿಂಗಳಿಗೊಮ್ಮೆ ನೆಗಡಿ. ಈಗ ಸಿಂಬಳ ಹಸಿರು ಬಣ್ಣಕ್ಕೆ ತಿರುಗಿದೆ. ಹೋದ ಸಲ ಕೊಟ್ಟ ಆಂಟಿಬಯಾಟಿಕ್ ಸಿರಪ್ ಅರ್ಧ ಉಳಿದಿದೆ, ಕೊಡಬಹುದಾ? – ಒಬ್ಬ ತಾಯಿ, ತುಮಕೂರು

ಉತ್ತರ: ಕೊಡಬೇಡಿ. ನೆಗಡಿ ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಸಿಂಬಳ ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಅಂತಲ್ಲ, ನೆಗಡಿ ಮಾಗುವಾಗ ಬಣ್ಣ ಹಾಗಾಗುವುದು ಸಹಜ. ಪುಡಿಗೆ ನೀರು ಬೆರೆಸಿ ಮಾಡಿದ ಸಿರಪ್ ಆದರೆ ಒಂದೆರಡು ವಾರದ ಮೇಲೆ ಇಡುವ ಹಾಗೂ ಇಲ್ಲ. ಬೇಕಿಲ್ಲದ ಕಡೆ ಈ ಔಷಧಿ ಕೊಡುತ್ತಾ ಹೋದರೆ, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸ ಮಾಡದೆ ಹೋಗಬಹುದು. ಇದು ನಿಮ್ಮ ಮಗನೊಬ್ಬನ ಮಾತಲ್ಲ, ಅವನ ತರಗತಿಯ ಮಕ್ಕಳಿಗೆಲ್ಲ ಸೇರಿದ್ದು.

ಈ ವಯಸ್ಸಲ್ಲಿ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಅವನ ದೇಹ ಒಂದೊಂದೇ ವೈರಸ್‌ನ ಪರಿಚಯ ಮಾಡಿಕೊಳ್ಳುತ್ತಿದೆ ಅಷ್ಟೇ. ಶಾಲೆಯಿಂದ ಬಂದ ಕೂಡಲೇ, ತಿಂಡಿಗೆ ಕೈ ಹಾಕುವ ಮೊದಲು, 20 ಸೆಕೆಂಡ್ ಸೋಪು ಹಾಕಿ ಕೈ ತೊಳೆಸಿ. ಹೆಬ್ಬೆರಳು, ಬೆರಳ ಸಂದಿ ಬಿಡಬಾರದು. ಕೆಮ್ಮು ಬಂದರೆ ಮೊಣಕೈ ಮಡಚಿ ಅದರೊಳಗೆ ಕೆಮ್ಮಲು ಕಲಿಸಿ. ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಕಿವಿ ನೋವು ಅಂತ ಅತ್ತರೆ, ಅಥವಾ ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾಟಿ ಕೆಲಸಕ್ಕೆ ಹೋಗುವವರಿಗೆ ಇಲಿ ಜ್ವರ ಬರುತ್ತದಂತೆ. ಇಲಿ ಕಚ್ಚದಿದ್ದರೂ ಬರುತ್ತಾ? – ರೈತ, ಶಿವಮೊಗ್ಗ ಜಿಲ್ಲೆ

ಉತ್ತರ: ಬರುತ್ತದೆ. ಇಲಿಯ ಮೂತ್ರ ಗದ್ದೆಯ ನೀರಿಗೆ ಸೇರಿ, ನಿಮ್ಮ ಒಡೆದ ಹಿಮ್ಮಡಿ ಅಥವಾ ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ. ದನ, ನಾಯಿ, ಹಂದಿಯ ಮೂತ್ರದಿಂದಲೂ ಹರಡಬಹುದು. ಗಮ್ ಬೂಟು ಹಾಕಿ ನಾಟಿ ಮಾಡುವುದು ಕಷ್ಟ ಅಂತ ಗೊತ್ತು. ಕಡೇ ಪಕ್ಷ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ ಇಳಿಯಿರಿ, ಗದ್ದೆಯಿಂದ ಬಂದ ತಕ್ಷಣ ಸೋಪು ಹಾಕಿ ಕಾಲು ತೊಳೆಯಿರಿ. ಜ್ವರದ ಜೊತೆ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವತ್ತೇ ಹೋಗಿ. ಈ ಕಾಯಿಲೆಗೆ ಆಂಟಿಬಯಾಟಿಕ್ ನಿಜವಾಗಿಯೂ ಬೇಕು, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ತಡವಾದರೆ ಮೂತ್ರಪಿಂಡ, ಲಿವರ್ ಎರಡಕ್ಕೂ ಪೆಟ್ಟು ಬೀಳಬಹುದು. ಅಲ್ಲಿ ಡಾಕ್ಟರ್ ಕೇಳಲಿ ಬಿಡಲಿ, 'ಹೋದ ವಾರ ಗದ್ದೆ ನೀರಲ್ಲಿ ನಿಂತಿದ್ದೆ' ಅಂತ ನೀವೇ ಹೇಳಿ.